ಒಂಟಿ ನೆನಪಿನ ಕೀಲಿ

ರಾತ್ರಿ ಎರಡೂ ನಲವತ್ತಕ್ಕೆ ಮಹಾನಂದಾಳ ಮಣಿಕಟ್ಟಿನ ಬಿಲ್ಲೆ ‘ಟಿಕ್’ ಎಂದಿತು. ಹಲ್ಲಿ ಲೊಚಗುಟ್ಟುವುದಕ್ಕಿಂತ ಸಣ್ಣ ಸದ್ದು. ಬೇರೆಯವರಾಗಿದ್ದರೆ ಮಗ್ಗುಲು ಬದಲಿಸಿ ಮತ್ತೆ ನಿದ್ದೆಗೆ ಜಾರುತ್ತಿದ್ದರು. ಅವಳು ಮಾತ್ರ ಎದ್ದು ಕುಳಿತಳು. ಎಚ್ಚರಿಕೆಗೆಂದು ಆ ಸದ್ದನ್ನು ಆರಿಸಿದ ಸಮಿತಿಯಲ್ಲಿ ಅವಳೂ ಇದ್ದಳು. ದೊಡ್ಡ ಸದ್ದು ಕೇಳಿದರೆ ಜನ ಗಾಬರಿಯಾಗುತ್ತಾರೆ, ಗಾಬರಿಯಾದವರು ಒತ್ತಬಾರದ್ದನ್ನು ಒತ್ತುತ್ತಾರೆ, ಹೇಳಬಾರದವರಿಗೆ ಹೇಳುತ್ತಾರೆ ಎಂದು ಸಮಿತಿಯಲ್ಲಿ ವಾದಿಸಿದವಳೇ ಅವಳು.

ಬಿಲ್ಲೆಯ ಮುಖದ ಮೇಲೆ ಮಂದ ಹಳದಿ ಬೆಳಕು ಬಂದಿತ್ತು. ಅದರಲ್ಲಿ ಒಂದೇ ಸಾಲು: ‘ನಿಮ್ಮ ಕೀಲಿ ಇನ್ನೊಂದು ಎದೆಯಲ್ಲಿ ಸಿಕ್ಕಿದೆ.’

ಮಹಾನಂದಾ ಅದನ್ನು ಮೂರು ಸಲ ಓದಿದಳು. ಹತ್ತೊಂಬತ್ತು ವರ್ಷ ಗದಗಿನ ಕೀಲಿ ಕಾವಲು ಕೇಂದ್ರದಲ್ಲಿ ಕುಳಿತು ಅವಳು ಬೇರೆಯವರ ಬಿಲ್ಲೆಗಳ ಎಚ್ಚರಿಕೆಗೆ ಉತ್ತರ ಕೊಟ್ಟಿದ್ದಳು. ಕೀಲಿ ತುಂಡಾಗಿದೆ, ಕೀಲಿ ಹಳತಾಗಿದೆ, ಬೇರೆ ಊರಿನಿಂದ ಯಾರೋ ತೆರೆಯಲು ನೋಡಿದ್ದಾರೆ, ಹೀಗೆ ಎಷ್ಟೋ ಬಗೆ. ಈ ಸಾಲು ಮಾತ್ರ ಕೈಪಿಡಿಯ ಕೊನೆಯ ಪುಟದಲ್ಲಿ ಇತ್ತೇ ಹೊರತು ಯಾರ ಬಿಲ್ಲೆಯಲ್ಲೂ ಬಂದದ್ದನ್ನು ಅವಳು ಕಂಡಿರಲಿಲ್ಲ.

ಜನ ಗುಪ್ತಪದಗಳನ್ನು ಬಿಟ್ಟು ಬಹಳ ಕಾಲವಾಗಿತ್ತು. ಕಳ್ಳರು ಬೆರಳಚ್ಚು ಕದ್ದರು, ಮುಖದ ನಕಲು ಮಾಡಿದರು, ಮಗನ ದನಿಯಲ್ಲಿ ತಾಯಿಗೆ ಫೋನು ಹಚ್ಚಿ ಮನೆ ಬರೆಸಿಕೊಂಡರು. ಕದಿಯಲಾರದ್ದು ಏನು ಉಳಿದಿದೆ ಎಂದು ಹುಡುಕುತ್ತ ಹೋದವರಿಗೆ ಸಿಕ್ಕಿದ್ದು ಎದೆಯ ನಡುಕ. ಒಂದು ನೆನಪನ್ನು ಮನಸ್ಸಿಗೆ ತಂದುಕೊಂಡಾಗ ಎದೆ ಎಲ್ಲಿ ಏರುತ್ತದೆ, ಎಲ್ಲಿ ಜರ್ರೆಂದು ಇಳಿಯುತ್ತದೆ, ಉಸಿರು ಎಲ್ಲಿ ನಿಲ್ಲುತ್ತದೆ, ಅಂಗೈ ಯಾವ ಗಳಿಗೆಗೆ ಬೆವರುತ್ತದೆ, ಇದೆಲ್ಲ ಸೇರಿ ಒಂದು ಗೆರೆ; ಮಣಿಕಟ್ಟಿನ ಬಿಲ್ಲೆ ಅದನ್ನು ಓದುತ್ತಿತ್ತು. ವಯಸ್ಸಿಗೆ ತಕ್ಕಂತೆ ಎದೆಬಡಿತದ ವೇಗ ಬೇರೆಯಾಗುತ್ತದೆ, ಜ್ವರ ಬಂದಾಗ ಇನ್ನಷ್ಟು ಬೇರೆ. ಅದಕ್ಕಾಗಿ ಯಂತ್ರ ದೇಹದ ಸ್ವಂತ ವೇಗವನ್ನು ಕಳೆದು ನಡುಕದ ಆಕಾರವನ್ನಷ್ಟೇ ಇಟ್ಟುಕೊಳ್ಳುತ್ತಿತ್ತು. ಆ ಆಕಾರವೇ ಕೀಲಿ. ಆಸ್ಪತ್ರೆಯ ಕಡತ, ಮನೆಯ ಬಾಗಿಲು, ಪಡಿತರ, ಪತ್ರಗಳು ಎಲ್ಲವೂ ಅದರಿಂದಲೇ ತೆರೆಯುತ್ತಿದ್ದವು. ನಿಯಮ ಒಂದೇ: ನೆನಪು ಒಂಟಿಯಾಗಿರಬೇಕು. ಲೋಕದಲ್ಲಿ ಇನ್ನಾರಿಗೂ ಗೊತ್ತಿಲ್ಲದ್ದಾಗಿರಬೇಕು.

ಮಹಾನಂದಾ ಜನರಿಗೆ ಕಲಿಸಿದ್ದನ್ನೇ ಮಾಡಿದಳು. ಬಿಲ್ಲೆಯನ್ನು ಹತ್ತು ಎಣಿಸುವವರೆಗೆ ಒತ್ತಿ ಹಿಡಿದು ಎಲ್ಲಕ್ಕೂ ಬೀಗ ಹಾಕಿದಳು. ಸಮಯವನ್ನು ಕಾಗದದ ಮೇಲೆ ಕೈಯಿಂದ ಬರೆದಿಟ್ಟಳು. ಕೇಂದ್ರದವರೆಂದು ಹೇಳಿ ಯಾರಾದರೂ ಫೋನು ಮಾಡಿದರೆ ಎತ್ತಬಾರದು ಎಂದು ತನಗೇ ಹೇಳಿಕೊಂಡಳು. ನೆನಪು ಯಾವುದೆಂದು ಕೇಂದ್ರ ಎಂದೂ ಕೇಳುವುದಿಲ್ಲ, ಕೇಳಿದವನೇ ಕಳ್ಳ. ದಿನಕ್ಕೆ ನಲವತ್ತು ಸಲ ಹೇಳುವ ಮಾತು. ಈ ಹೊತ್ತಿನಲ್ಲಿ ಅದು ಯಾರೋ ಪರವೂರಿನವಳು ಹೇಳಿದಂತೆ ಕೇಳಿಸಿತು. ಪಕ್ಕದ ಕೋಣೆಯಲ್ಲಿ ಅವ್ವ ಒಮ್ಮೆ ಕೆಮ್ಮಿ ಸುಮ್ಮನಾದಳು.

ಅವಳ ಗಾಬರಿ ಕಡತಗಳ ಬಗ್ಗೆ ಆಗಿರಲಿಲ್ಲ. ಆ ನೆನಪು ಇನ್ನೊಬ್ಬರ ಕೈಗೆ ಹೋಗುವುದು ಸಾಧ್ಯವೇ ಇರಲಿಲ್ಲ. ಅದನ್ನು ಅವಳು ಬರೆದಿರಲಿಲ್ಲ, ಆಡಿರಲಿಲ್ಲ, ಯಾವ ಗೆಳತಿಯ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಮೂವತ್ತಾರು ವರ್ಷದಿಂದ ಅದು ಅವಳ ಎದೆಯೊಳಗಷ್ಟೇ ಇತ್ತು.

ಕೇಂದ್ರದ ನಿಯಮದಂತೆ ಅಲ್ಲಿಯ ನೌಕರರು ತಮ್ಮ ಪ್ರಕರಣವನ್ನು ತಾವೇ ತೆರೆಯುವಂತಿಲ್ಲ. ಬೆಳಿಗ್ಗೆ ಅದನ್ನು ತೆರೆದವನು ಪಕ್ಕದ ಮೇಜಿನ ಫಕೀರೇಶ ಮುಳಗುಂದ. ಹನ್ನೆರಡು ವರ್ಷ ಜೊತೆಯಲ್ಲಿ ಕೆಲಸ ಮಾಡಿದವನು, ಮಾತಿಗೊಮ್ಮೆ ನಗೆಯಾಡುವವನು. ಮೊದಲು ಅವನೂ ಹಾಗೆಯೇ ಶುರು ಮಾಡಿದ. ಅಕ್ಕಾರ ಎದಿಯಾಗ ಏನರ ಇರತೈತಿ, ಕಚೇರಿ ಕಡತಾನ ಇರತಾವು, ಅದನ್ನ ಕದ್ದಾಂವ ಓದಿ ಓದಿ ತಾನ ಸಾಯ್ತಾನ ಎಂದ. ಗೆರೆಗಳು ಪರದೆಗೆ ಬಂದ ಮೇಲೆ ಅವನ ನಗೆ ನಿಂತಿತು.

ನೀಲಿ ಗೆರೆ ಮಹಾನಂದಾಳದು. ಅದರ ಮೇಲೆ ಆ ಇನ್ನೊಂದು ಎದೆಯ ಕೆಂಪು ಗೆರೆಯನ್ನು ಎಳೆದು ತಂದು ಇಟ್ಟ. ನೀಲಿ ಕಾಣಿಸಲೇ ಇಲ್ಲ. ಮೊದಲು ಒಂದು ಏರು. ಸ್ವಲ್ಪ ಬಿಟ್ಟು ಇನ್ನೊಂದು, ಅದಕ್ಕಿಂತ ಎತ್ತರ. ಆಮೇಲೆ ಉಸಿರು ಕಟ್ಟಿದ ಉದ್ದನೆಯ ಚಪ್ಪಟೆ. ಆ ಚಪ್ಪಟೆಯ ನಡುವೆ ಒತ್ತೊತ್ತಾಗಿ ಎಂಟು ಸಣ್ಣ ಹಲ್ಲುಗಳು. ಆಮೇಲೆ ಏನೂ ಇಲ್ಲ. ಎರಡೂ ಗೆರೆಗಳಲ್ಲಿ ಎಂಟೇ ಹಲ್ಲು, ಎರಡರಲ್ಲೂ ಏಳನೆಯ ಹಲ್ಲು ಮಾತ್ರ ಗಿಡ್ಡ.

“ಇದು ನಕಲಿ ಅಲ್ರಿ ಅಕ್ಕಾರ,” ಎಂದ ಫಕೀರೇಶ, ದನಿ ತಗ್ಗಿಸಿ. “ನಕಲಿ ಇಷ್ಟ ಚೊಲೋ ಇರೂದಿಲ್ಲ.”

ನಕಲು ಮಾಡಿದ ಗೆರೆಯಲ್ಲಿ ಎಲ್ಲೋ ಒಂದು ಕಡೆ ಯಂತ್ರದ ನಯ ಇರುತ್ತದೆ ಎಂದು ಅವಳಿಗೂ ಗೊತ್ತಿತ್ತು. ಕೆಂಪು ಗೆರೆ ಒರಟಾಗಿತ್ತು. ಯಾವುದೋ ಜೀವಂತ ಎದೆ ನಡುಗಿದ ಗೆರೆ ಅದು.

ಫಕೀರೇಶ ನಮೂನೆ ತೆರೆದು ಪ್ರಶ್ನೆ ಕೇಳಲೇಬೇಕಾಯಿತು. ಮೊದಲೆರಡು ಸಲೀಸಾದವು: ಬಿಲ್ಲೆಯನ್ನು ಯಾರಿಗಾದರೂ ಕೊಟ್ಟಿದ್ದೀರಾ, ನೆನಪನ್ನು ಯಾರಿಗಾದರೂ ಹೇಳಿದ್ದೀರಾ. ಮೂರನೆಯದು ಅವಳೇ ಸಾವಿರಾರು ಜನರಿಗೆ ಕೇಳಿದ್ದು. ಆ ನೆನಪಿನ ಜಾಗದಲ್ಲಿ ಆಗ ಇನ್ನು ಯಾರಿದ್ದರು? ಹೆಸರು ಬೇಡ, ಇದ್ದರೋ ಇಲ್ಲವೋ ಅಷ್ಟು ಸಾಕು.

“ಯಾರೂ ಇರಲಿಲ್ಲ,” ಎಂದಳು ಮಹಾನಂದಾ.

“ಮಲಗಿದವರನ್ನೂ ಹಿಡೀಬೇಕ್ರಿ. ನೀವ ಹೇಳಿಕೊಟ್ಟದ್ದು ನನಗ.”

ಅವಳು ಮತ್ತೆ ಯಾರೂ ಇರಲಿಲ್ಲ ಎಂದೇ ಹೇಳಿದಳು. ಫಕೀರೇಶ ಬರೆದುಕೊಂಡ. ಆ ಇನ್ನೊಬ್ಬರ ಹೆಸರು ತನಗೂ ಕಾಣುವುದಿಲ್ಲ, ಅದು ಮುಚ್ಚಿದೆ, ಕೀಲಿ ದಾಖಲಾದ ಜಾಗ ಮಾತ್ರ ಗೊತ್ತಾಗುತ್ತದೆ ಎಂದು ಹೇಳಿ ಪರದೆಯನ್ನು ಅವಳ ಕಡೆ ತಿರುಗಿಸಿದ. ಬೆಟಗೇರಿ, ನೇಕಾರ ಓಣಿಯ ಹಿರಿಯರ ಶಿಬಿರ. ನಿನ್ನೆ ಮುಂಜಾನೆ ಹನ್ನೊಂದು ಇಪ್ಪತ್ತು.

ಮಹಾನಂದಾ ಜಾಗವನ್ನೂ ಸಮಯವನ್ನೂ ಮತ್ತೊಮ್ಮೆ ಓದಿದಳು. ನಿನ್ನೆ ಹನ್ನೊಂದು ಇಪ್ಪತ್ತಕ್ಕೆ ಆ ಶಿಬಿರದ ನೀಲಿ ಬಟ್ಟೆಯ ಪರದೆಯ ಹೊರಗೆ ಅವ್ವನ ಚಪ್ಪಲಿ ಕಾಯುತ್ತ ನಿಂತವಳು ಅವಳೇ. ಎಪ್ಪತ್ತು ದಾಟಿದವರಿಗೆ ಇಷ್ಟು ದಿನ ಬೆರಳಚ್ಚಿನಲ್ಲೇ ನಡೆಸುವ ವಿನಾಯಿತಿ ಇತ್ತು. ಈ ತಿಂಗಳು ಅದು ಮುಗಿದಿತ್ತು. ಕೀಲಿ ಕೊಡಲು ಪರದೆಯ ಒಳಗೆ ಆಗ ಹೋಗಿದ್ದವಳು ಅವ್ವ ಒಬ್ಬಳೇ.

ಫಕೀರೇಶ ಇದನ್ನೇನೂ ಗಮನಿಸಲಿಲ್ಲ. ಅವನು ಮುಂದಿನದನ್ನು ಓದುತ್ತಿದ್ದ. ದಾರಿ ಎರಡೇ. ಒಂದು, ಮಹಾನಂದಾ ತನ್ನ ನೆನಪನ್ನು ತಣಿಸಿಕೊಳ್ಳಬೇಕು. ಆಸ್ಪತ್ರೆಯಲ್ಲಿ ಅರ್ಧ ದಿನದ ಕೆಲಸ. ನೆನಪು ಅಳಿಯುವುದಿಲ್ಲ, ಆದರೆ ಅದು ಬಂದಾಗ ಎದೆ ನಡುಗುವುದಿಲ್ಲ, ಕೀಲಿ ತಾನಾಗಿ ಸಾಯುತ್ತದೆ. ಇನ್ನೊಂದು, ಸೋಮವಾರ ಜೋಡಿ ಪರೀಕ್ಷೆ. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ, ಇಬ್ಬರೂ ತಮ್ಮ ನೆನಪು ತಂದುಕೊಂಡು, ಎರಡು ಗೆರೆ ಇಬ್ಬರ ಕಣ್ಣೆದುರೇ ಒಂದರ ಮೇಲೊಂದು ಬೀಳಬೇಕು. ನಮ್ಮ ಜಿಲ್ಲೆಯಲ್ಲಿ ಇದೇ ಮೊದಲನೆಯದು ಎಂದು ಅವನು ತುಸು ಉತ್ಸಾಹದಿಂದಲೇ ಹೇಳಿದ.

ಅವಳು ತಲೆನೋವೆಂದು ಹೇಳಿ ಮಧ್ಯಾಹ್ನಕ್ಕೇ ಹೊರಬಿದ್ದಳು.

ಬೆಟಗೇರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕುಳಿತವಳಿಗೆ ಆ ರಾತ್ರಿಯನ್ನು ಹೊಸದಾಗಿ ನೋಡಬೇಕಾಯಿತು. ಅವಳಿಗೆ ಆಗ ಹನ್ನೆರಡು. ಅಪ್ಪ ಕುಣಿಮಗ್ಗದ ನೇಕಾರ. ಅಂದು ಸಂಜೆ ಎಳೆ ಹರಿದುದಕ್ಕೆ ಸಿಟ್ಟಾಗಿ ಲಾಳಿಯನ್ನು ಎಸೆದಿದ್ದ. ಅದು ಅವ್ವನ ಹಣೆಗೆ ಬಡಿದು ರಕ್ತ ಹುಬ್ಬಿನವರೆಗೆ ಇಳಿದಿತ್ತು. ಆ ವಾರದಲ್ಲಿ ಅದು ಮೂರನೆಯ ಸಲ. ಅವ್ವ ಅರಿಸಿನ ಮೆತ್ತಿಕೊಂಡು ರೊಟ್ಟಿ ಬಡಿದಳು, ಅಪ್ಪ ಉಂಡ, ಮಗ್ಗದ ಪಕ್ಕ ಪಡಸಾಲೆಯಲ್ಲಿ ಮಲಗಿದ. ತಾಯಿ ಮಗಳು ಒಳಗೆ ಒಂದೇ ಕೌದಿ ಹೊದ್ದು ಮಲಗಿದರು. ನಡುರಾತ್ರಿ ಅಪ್ಪ ‘ನೀರು’ ಎಂದ. ಅವಳಿಗೆ ಎಚ್ಚರವಾಯಿತು. ಏಳಲಿಲ್ಲ. ಅಪ್ಪ ಮತ್ತೆ ‘ನೀರು’ ಎಂದ, ಈ ಸಲ ದನಿ ಗಂಟಲಲ್ಲಿ ಸಿಕ್ಕಿಕೊಂಡಂತೆ. ಏನೋ ಆಗಿದೆ ಎಂದು ಅವಳಿಗೆ ತಿಳಿಯಿತು. ಆದರೂ ಏಳಲಿಲ್ಲ. ಆಮೇಲೆ ಅವನ ಹಿಮ್ಮಡಿಗಳು ನೆಲಕ್ಕೆ ಬಡಿದವು. ಎಂಟು ಸಲ. ಅವಳು ಎಣಿಸಿದ್ದಳು. ಏಳನೆಯದು ಕೇಳಿಯೂ ಕೇಳದಷ್ಟು ಸಣ್ಣದು. ಆಮೇಲೆ ಸದ್ದಿಲ್ಲ.

ಬೆಳಿಗ್ಗೆ ಓಣಿಯವರು ಸೇರಿದರು. ಎದಿ ಒಡದ ಸತ್ತಾನ, ಯಾರಿಗೂ ಗೊತ್ತಾಗಿಲ್ಲ ಎಂದರು. ಅವ್ವನಿಗೆ ಗೊತ್ತಾಗಿರಲಿಲ್ಲ, ಪೆಟ್ಟು ತಿಂದು ದಣಿದು ಸತ್ತಂತೆ ಮಲಗಿದ್ದಳು, ಗೊತ್ತಾಗಿದ್ದದ್ದು ತನಗೊಬ್ಬಳಿಗೇ. ಈ ನಂಬಿಕೆಯ ಮೇಲೆ ಮಹಾನಂದಾ ಬೆಳೆದಳು, ಓದಿದಳು, ಮದುವೆ ಬೇಡವೆಂದಳು, ಅವ್ವನನ್ನು ಹೂವಿನಂತೆ ನೋಡಿಕೊಂಡಳು. ಕೇಂದ್ರದಲ್ಲಿ ಒಂಟಿ ನೆನಪನ್ನು ಆರಿಸಿಕೊಳ್ಳಿ ಎಂದಾಗ ಅವಳಿಗೆ ಯೋಚಿಸುವ ಕೆಲಸವೇ ಇರಲಿಲ್ಲ.

ಮೂರನೆಯ ಪ್ರಶ್ನೆಗೆ ಅವಳು ಕೊಟ್ಟ ಉತ್ತರ ಸುಳ್ಳು. ಒಬ್ಬರಿದ್ದರು. ಒಂದು ಗೇಣು ದೂರದಲ್ಲಿ, ಅದೇ ಕೌದಿಯೊಳಗೆ, ಕಣ್ಣು ಮುಚ್ಚಿಕೊಂಡು. ಅವರಿಗೂ ಎಂಟು ಕೇಳಿತ್ತು. ಏಳನೆಯದು ಗಿಡ್ಡವಾದದ್ದು ಅವರಿಗೂ ಗೊತ್ತಿತ್ತು.

ಗೆರೆಗಳು ಅಷ್ಟು ಸರಿಯಾಗಿ ಏಕೆ ಕೂಡಿದವು ಎಂಬುದೂ ಆಗ ಹೊಳೆಯಿತು. ಅವ್ವನಿಗೆ ತನ್ನ ಎಚ್ಚರ ತಿಳಿಯಬಾರದೆಂದು ಅವಳು ಅವ್ವನ ಉಸಿರಿಗೆ ಉಸಿರು ಹೊಂದಿಸಿಕೊಂಡು ನಿದ್ದೆಯ ನಾಟಕ ಆಡಿದ್ದಳು. ಅವ್ವನೂ ಅದನ್ನೇ ಮಾಡಿದ್ದಳು. ಇಬ್ಬರೂ ಒಬ್ಬರಿಂದೊಬ್ಬರು ಅಡಗಿಕೊಳ್ಳಲು ಹೋಗಿ ಒಂದೇ ಉಸಿರು ಉಸಿರಾಡಿದ್ದರು. ಮಹಾನಂದಾ ಬಸ್ಸಿನಲ್ಲಿ ಬಾಯಿಗೆ ಸೆರಗು ಒತ್ತಿಕೊಂಡಳು. ಎದುರಿನ ಸೀಟಿನ ಹೆಂಗಸು ವಾಂತಿ ಬರುತ್ತಿದೆಯೇ ಎಂದು ಕೇಳಿ ಲಿಂಬೆಹಣ್ಣು ಕೊಟ್ಟಳು.

ಮನೆಯಲ್ಲಿ ಶಿವಲಿಂಗವ್ವ ಬಾಗಿಲ ಬಿಸಿಲಲ್ಲಿ ಕಾಲು ಚಾಚಿ ಕುಳಿತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಎಪ್ಪತ್ತಮೂರು ವಯಸ್ಸು, ಹಣೆಯ ಮೇಲಿನ ಕಲೆ ಸುಕ್ಕಿನಲ್ಲಿ ಸೇರಿಹೋಗಿತ್ತು. ಮಗಳು ಹೊತ್ತಿಗೆ ಮುಂಚೆ ಬಂದದ್ದಕ್ಕೆ ಕಚೇರಿಯವರು ಹೊರಗೆ ಹಾಕಿದರೇನು ಎಂದು ಚೇಷ್ಟೆ ಮಾಡಿದಳು. ಮಹಾನಂದಾ ಪಕ್ಕದಲ್ಲಿ ಕುಳಿತು ತಾನೂ ಸೊಪ್ಪಿಗೆ ಕೈ ಹಾಕಿದಳು. ನಿನ್ನೆಯ ಶಿಬಿರದ ಮಾತು ತೆಗೆಯಲು ಅವಳಿಗೆ ಎರಡು ಕಟ್ಟು ಸೊಪ್ಪು ಮುಗಿಯುವಷ್ಟು ಹೊತ್ತು ಬೇಕಾಯಿತು. ಯಂತ್ರದ ಮುಂದೆ ಅಂಜಿಕೆಯಾಯಿತೇ ಎಂದು ಕೇಳಿದಳು.

ಅಂಜಿಕೆ ಯಾತರದು ಎಂದಳು ಅವ್ವ. ಯಂತ್ರದ ಮುಂದ ಕುಂತಾಕಿ ಮೊದಲು ಬಾಳ ಸಂತೋಷದ್ದು ನೆನೀರಿ ಅಂದಳು, ನೆನದೆ, ಯಂತ್ರ ಒಪ್ಪಲಿಲ್ಲ. ಎರಡನೆಯದೂ ಒಪ್ಪಲಿಲ್ಲ. ಎದಿ ಅಲ್ಲಾಡವಲ್ದು ಅಂತ ಆಕಿ ನಕ್ಕಳು.

“ಆಮ್ಯಾಲ?”

“ಆಮ್ಯಾಲ ಯಾರಿಗೂ ಗೊತ್ತಿಲ್ಲದ್ದು ಒಂದು ಇತ್ತು. ಅದನ್ನ ನೆನದೆ. ಒಮ್ಮೆಲೆ ಹಸರ ದೀಪ ಹತ್ತಿತು.”

ಅವ್ವ ಸೊಪ್ಪಿನ ಬೇರುಗಳನ್ನು ಒಟ್ಟುಮಾಡಿ ಅಂಗಳಕ್ಕೆ ಎಸೆದಳು. ಅವಳ ಕೈ ನಡುಗಿತೇ ಎಂದು ಮಹಾನಂದಾ ನೋಡಿದಳು. ಇಲ್ಲ.

ಆ ರಾತ್ರಿ ಮಹಾನಂದಾ ತಣಿಸಿಕೊಳ್ಳುವುದರ ಬಗ್ಗೆ ಯೋಚಿಸಿದಳು. ಎಷ್ಟೋ ಜನರನ್ನು ಅವಳೇ ಆಸ್ಪತ್ರೆಗೆ ಕಳಿಸಿದ್ದಳು. ಅವರು ಚೆನ್ನಾಗಿಯೇ ಇರುತ್ತಿದ್ದರು. ತೀರಿಹೋದ ಗಂಡನ ಮಾತನ್ನು ಬಸ್ಸಿನ ವೇಳಾಪಟ್ಟಿ ಓದಿದಂತೆ ಆಡುವಷ್ಟು ಚೆನ್ನಾಗಿ. ಅವಳಿಗೂ ಹಗುರವಾಗಬಹುದಿತ್ತು. ಮೂವತ್ತಾರು ವರ್ಷದ ಹೊರೆ ಅರ್ಧ ದಿನದಲ್ಲಿ ಇಳಿಯುತ್ತಿತ್ತು. ನಿನ್ನೆಯಾಗಿದ್ದರೆ ಒಪ್ಪಿಬಿಡುತ್ತಿದ್ದಳೇನೋ. ಈಗ ಆ ಕತ್ತಲೆಯೊಳಗೆ ಇನ್ನೊಬ್ಬಳಿದ್ದಾಳೆ. ತಾನು ಎದ್ದು ಬಂದರೆ ಅವ್ವ ಅಲ್ಲಿ ಒಬ್ಬಳೇ ಉಳಿಯುತ್ತಾಳೆ.

ಜೋಡಿ ಪರೀಕ್ಷೆಯನ್ನಂತೂ ಊಹಿಸಿಕೊಳ್ಳಲೂ ಆಗಲಿಲ್ಲ. ತನ್ನ ಮಗಳು ಎಚ್ಚರವಿದ್ದಳು, ಎಲ್ಲವನ್ನೂ ಕೇಳಿದಳು, ತಾನು ಏಳಲಿಲ್ಲವೆಂಬುದೂ ಅವಳಿಗೆ ಗೊತ್ತಾಯಿತು ಎಂದು ಎಪ್ಪತ್ತಮೂರರ ಹೆಂಗಸೊಬ್ಬಳು ಕಚೇರಿಯ ಪರದೆಯ ಮೇಲೆ ನೋಡಿ ತಿಳಿಯಬೇಕೇ? ಫಕೀರೇಶ ಕುರ್ಚಿ ಹಾಕಿ ಕೊಡುತ್ತಿರುವಾಗ?

ಕೈಪಿಡಿಯನ್ನು ಮೊದಲಿನಿಂದ ಓದಿದಾಗ ಒಂದು ಕಿಂಡಿ ಸಿಕ್ಕಿತು. ಹೊಸದಾಗಿ ನೋಂದಾಯಿಸಿಕೊಂಡವರು ಏಳು ದಿನದೊಳಗೆ ಕಾರಣ ಹೇಳದೆಯೇ ಕೀಲಿ ಬದಲಿಸಬಹುದು. ಹಳೆಯದು ತಾನಾಗಿ ಅಳಿಯುತ್ತದೆ. ತಣಿಸುವ ಅಗತ್ಯವಿಲ್ಲ.

ಶನಿವಾರ ಮುಂಜಾನೆ ಅವಳು ಅವ್ವನನ್ನು ಮತ್ತೆ ಶಿಬಿರಕ್ಕೆ ಕರೆದೊಯ್ದಳು. ಯಂತ್ರ ಸರಿಯಾಗಿ ಹಿಡಿದಿಲ್ಲ, ಇನ್ನೊಮ್ಮೆ ಕೊಡಬೇಕು, ಈ ಸಲ ಬೇರೆ ನೆನಪು ಬೇಕಂತೆ ಎಂದು ದಾರಿಯಲ್ಲಿ ಹೇಳಿದಳು. ಶಿವಲಿಂಗವ್ವ ಸರಕಾರದ ಯಂತ್ರಗಳನ್ನು ನಾಲ್ಕು ಮಾತು ಬಯ್ದಳು. ಏನನ್ನು ನೆನೆಯಲಿ ಎಂದು ಮಗಳನ್ನೇ ಕೇಳಿದಳು. ನಾ ಹುಟ್ಟಿದ ದಿನಾ ನೆನಿ ಎಂದಳು ಮಹಾನಂದಾ. ಅವತ್ತ ನಾ ಒದರಿದ್ದು ಓಣಿಗೆಲ್ಲ ಕೇಳೇತಿ, ಅದು ಒಂಟಿ ಹೆಂಗ ಆಕ್ಕೈತಿ ಎಂದು ಅವ್ವ ನಕ್ಕಳು.

ಸರದಿಯಲ್ಲಿ ಇನ್ನೂ ಇಬ್ಬರಿದ್ದರು. ಮರದ ಬಾಕಿನ ಮೇಲೆ ಕುಳಿತಿದ್ದಾಗ ಶಿವಲಿಂಗವ್ವ ತನ್ನ ಹೊಸ ಬಿಲ್ಲೆಯನ್ನು ತಿರುವಿ ತಿರುವಿ ನೋಡುತ್ತ, ಮಗಳ ಕಡೆ ನೋಡದೆ ಕೇಳಿದಳು.

“ಮಾನಂದಾ, ಯಂತ್ರ ನಂದು ಯಾಕ ಒಲ್ಲೆ ಅಂತು? ಅದನ್ನ ಮೊದಲ ಇನ್ನ ಯಾರರ ಇಟ್ಟಿದ್ದರೇನು?”

ಮಹಾನಂದಾಳ ಎದೆ ಒಮ್ಮೆ ಏರಿ ಅಲ್ಲಿಯೇ ನಿಂತಿತು. ಬಿಲ್ಲೆಗೆ ಬೀಗ ಹಾಕಿದ್ದರಿಂದ ಅದನ್ನು ಯಾರೂ ದಾಖಲಿಸಲಿಲ್ಲ.

“ಇಲ್ಲಬೇ. ಯಂತ್ರ ಕೆಟ್ಟಿತ್ತು.”

ಅವ್ವ ಈಗ ತಿರುಗಿ ನೋಡಿದಳು. ಹೊಸ ಸೀರೆಯಲ್ಲಿ ಎಲ್ಲಿ ಎಳೆ ತಪ್ಪಿದೆ ಎಂದು ಹುಡುಕುವಾಗ ನೇಕಾರರು ನೋಡುವ ಹಾಗೆ, ನಿಧಾನವಾಗಿ. ಮಗಳ ಹಣೆ, ಕಣ್ಣು, ಬಾಯಿ. ಆಮೇಲೆ ತನ್ನ ಒಣ ಅಂಗೈಯನ್ನು ಅವಳ ಮೊಣಕಾಲಿನ ಮೇಲಿಟ್ಟಳು.

“ಹಂಗಾದ್ರ ಚೊಲೋ ಆತು,” ಎಂದಳು.

ಹೆಸರು ಕೂಗಿದರು. ಶಿವಲಿಂಗವ್ವ ಚಪ್ಪಲಿ ಬಿಟ್ಟು ಪರದೆಯ ಒಳಗೆ ಹೋದಳು. ಬಹಳ ಹೊತ್ತು ಹಿಡಿಯಿತು. ಈ ಸಲ ಮಹಾನಂದಾ ಇಪ್ಪತ್ತು ಹೆಜ್ಜೆ ದೂರ, ರಸ್ತೆಯಲ್ಲಿ ನಿಂತಿದ್ದಳು. ಅವ್ವ ಹೊರಗೆ ಬಂದಾಗ ಹಸಿರು ದೀಪ ಹತ್ತಿತ್ತು. ಏನನ್ನು ನೆನೆದಳೋ ಮಗಳು ಕೇಳಲಿಲ್ಲ. ಅವ್ವನ ಕಣ್ಣು ಕೆಂಪಾಗಿದ್ದವು. ಬಿಸಿಲು ಬಾಳ ಐತಿ, ನಡೀ ಎಂದಳು.

ಸೋಮವಾರ ಫಕೀರೇಶ ಪರದೆಯ ಮುಂದೆ ತಲೆ ಕೆರೆದುಕೊಳ್ಳುತ್ತಿದ್ದ. ಕೆಂಪು ಗೆರೆ ಮಾಯವಾಗಿತ್ತು. ಜೋಡಿ ಪರೀಕ್ಷೆಗೆ ಜೋಡಿಯೇ ಇರಲಿಲ್ಲ. ಪ್ರಕರಣ ಮುಚ್ಚಬೇಕಾದರೆ ಕೀಲಿಯ ಒಡತಿ ಕಾರಣ ಬರೆದು ಕೊಡಬೇಕು ಎಂದ. ಅವಳು ಬರೆದು ತಂದಿದ್ದಳು. ಗುರುವಾರ ತಾನು ತಾಯಿಯ ಜೊತೆ ಆ ಶಿಬಿರದಲ್ಲಿದ್ದೆ, ಜೊತೆಗೆ ಬಂದವರು ದೂರ ನಿಲ್ಲಬೇಕೆಂಬ ನಿಯಮ ಮುರಿದು ಪರದೆಗೆ ಒತ್ತಿಕೊಂಡು ನಿಂತಿದ್ದೆ, ಆ ಹೊತ್ತಿಗೆ ತನ್ನ ನೆನಪೂ ಮನಸ್ಸಿಗೆ ಬಂದಿತ್ತು, ಯಂತ್ರ ತಾಯಿಯ ಬದಲು ತನ್ನ ಗೆರೆಯನ್ನೇ ಹಿಡಿದಿರಬೇಕು. ಫಕೀರೇಶ ಓದಿ ಹಣೆ ಬಡಿದುಕೊಂಡ. ಊರಿಗೆಲ್ಲ ನಿಯಮ ಹೇಳೂ ಅಕ್ಕಾರ ತಾವ ಹೋಗಿ ಪರದೆಗೆ ಆತು ನಿಂತಾರ, ಇದನ್ನ ನಾ ನಿವೃತ್ತಿ ಆಗೂ ತನಕ ಆಡಿಕೋತೀನಿ ಎಂದು ನಕ್ಕ. ಅವಳೂ ನಕ್ಕಳು. ಹತ್ತೊಂಬತ್ತು ವರ್ಷದಲ್ಲಿ ಅವಳು ಬರೆದ ಮೊದಲ ಸುಳ್ಳು ಸಾಲು ಅದು. ಕೈ ಅಕ್ಷರ ಒಂದಿಷ್ಟೂ ಅಲುಗಿರಲಿಲ್ಲ, ಅದಕ್ಕೇ ಅವಳಿಗೆ ಹೆಚ್ಚು ಭಯವಾಯಿತು.

ಫಕೀರೇಶ ಚಹಾಕ್ಕೆ ಎದ್ದು ಹೋದ ಮೇಲೆ ಅವಳು ತನ್ನ ಮೇಜಿನಲ್ಲಿ ಕುಳಿತಳು. ಗೋಡೆಯ ದೊಡ್ಡ ಪರದೆಯಲ್ಲಿ ಜಿಲ್ಲೆಯ ಕೀಲಿಗಳು ಸಣ್ಣ ಚುಕ್ಕೆಗಳಾಗಿ ಮಿನುಗುತ್ತಿದ್ದವು. ಕದಿಯಲಾಗದ್ದು ಎಂದು ನಂಬಿ ಇಷ್ಟು ಜನ ತಮ್ಮ ಬಾಳನ್ನು ಅದರ ಹಿಂದೆ ಇಟ್ಟಿದ್ದಾರೆ. ಎಲ್ಲೋ ಮಗುಚಿದ ಬಸ್ಸಿನಲ್ಲಿ ಅಕ್ಕಪಕ್ಕ ಕುಳಿತಿದ್ದವರು, ಒಂದೇ ಕೋಣೆಯಲ್ಲಿ ಬೆಂಕಿ ಕಂಡ ಅಣ್ಣತಮ್ಮಂದಿರು, ಒಬ್ಬರಿಗೊಬ್ಬರು ಗೊತ್ತಾಗದಂತೆ ಒಂದೇ ಉಸಿರು ಹಿಡಿದವರು. ಅವರೆಲ್ಲ ಒಬ್ಬರ ಬಾಗಿಲನ್ನು ಒಬ್ಬರು ತೆರೆಯಬಲ್ಲರು. ಇದು ಮೇಲಿನ ಕೇಂದ್ರ ಕಚೇರಿಗೆ ಇವತ್ತೇ, ಈಗಲೇ ಹೋಗಬೇಕಾದ ಸುದ್ದಿ. ಸೋರಿಕೆ ಕಂಡವರು ಒಂದು ಗಂಟೆಯೊಳಗೆ ತಿಳಿಸಬೇಕೆಂದು ಎದುರಿನ ಗೋಡೆಯ ಮೇಲೆ ಅವಳೇ ಬರೆಸಿದ ಫಲಕ ತೂಗುತ್ತಿತ್ತು.

ತಿಳಿಸಿದರೆ ಮೊದಲು ಕೇಳುವುದು ಸಾಕ್ಷಿ. ಸಾಕ್ಷಿಯೆಂದರೆ ಎರಡು ಗೆರೆ. ಎರಡು ಗೆರೆಯೆಂದರೆ ಅವ್ವ.

ಅವಳು ಕೇಂದ್ರ ಕಚೇರಿಗೆ ಬರೆಯುವ ಪುಟವನ್ನು ತೆರೆದಳು. ದಿನಾಂಕ ಹಾಕಿದಳು, ಅಳಿಸಿದಳು. ಪುಟ ಮುಚ್ಚಿದಳು. ಯಂತ್ರಕ್ಕೆ ಹೇಳುವುದಿಲ್ಲ, ಫಕೀರೇಶನಿಗೆ ಹೇಳುವುದಿಲ್ಲ. ಮನೆಗೆ ಹೋಗಿ ಊಟಕ್ಕೆ ಕುಳಿತಾಗ ಅವ್ವ ಮುಖ ನೋಡಿ ಏನಾತು ಎಂದು ಕೇಳಿದರೆ ಅವ್ವನಿಗೂ ಹೇಳುವುದಿಲ್ಲ. ಆ ಮನೆಯಲ್ಲಿ ಇಬ್ಬರೂ ಮೂವತ್ತಾರು ವರ್ಷ ಬಾಯಿ ಬಿಡದೆ ಇದ್ದಾರೆ. ಇನ್ನು ಮುಂದೆಯೂ ಅದು ಆಗದ ಕೆಲಸವೇನಲ್ಲ ಎಂದು ಮಹಾನಂದಾ ನಿಶ್ಚಯಿಸಿದಳು.